ಹಿಂದಿನಿಂದ ತಳ್ಳುವ ಕಾರಿಗೆ ವಿಂಟರ್ ಟೈರು: ಎರಡು ಸಾಕಾ, ನಾಲ್ಕು ಬೇಕಾ?

ಪ್ರಶ್ನೆ: ನಾನು ಮೈಸೂರಿನವನು, ಎರಡು ವರ್ಷದಿಂದ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದೇನೆ. ಈ ಬೇಸಿಗೆಯಲ್ಲಿ 2016ರ ಬಿಎಂಡಬ್ಲ್ಯು 320ಡಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಆಟೊಮ್ಯಾಟಿಕ್, ರಿಯರ್ ವೀಲ್ ಡ್ರೈವ್. 18 ಇಂಚಿನ ಬೇಸಿಗೆ ಟೈರುಗಳಿವೆ, ಹಿಂದಿನವು ಮುಂದಿನವಕ್ಕಿಂತ ಅಗಲ. ಅಕ್ಟೋಬರ್ ಬಂದಾಗಿನಿಂದ ಆಫೀಸಿನಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಹಿಮದಲ್ಲಿ ಈ ಕಾರು ಗಿರಗಿರ ತಿರುಗುತ್ತದೆ, ಮಾರಿ ಫೋರ್ ವೀಲ್ ಡ್ರೈವ್ ತಗೋ ಅಂತಾರೆ. ಇನ್ನೊಬ್ಬರು, ತಳ್ಳುವುದು ಹಿಂದಿನ ಚಕ್ರ ತಾನೇ, ಅವೆರಡಕ್ಕೆ ವಿಂಟರ್ ಟೈರ್ ಹಾಕಿಸಿದರೆ ಸಾಕು ಅಂತಾರೆ. ಆಲ್ ಸೀಸನ್ ಹಾಕಿಸಿ ಮರೆತುಬಿಡು ಅನ್ನುವವರೂ ಇದ್ದಾರೆ. ಊರಿನಿಂದ ಅಪ್ಪ ಫೋನ್ ಮಾಡಿ ಡಿಕ್ಕಿಯಲ್ಲಿ ಎರಡು ಅಕ್ಕಿ ಮೂಟೆ ಇಟ್ಕೋ ಅಂದರು. ದಿನಾ ಮ್ಯೂನಿಕ್‌ಗೆ ಹೈವೇಯಲ್ಲಿ ಓಡಾಟ, ಚಳಿಗಾಲದಲ್ಲಿ ಎರಡು ಮೂರು ಸಲ ಮಕ್ಕಳ ಜೊತೆ ಆಲ್ಪ್ಸ್ ತಪ್ಪಲಿನ ಗಾರ್ಮಿಶ್ ಕಡೆಗೋ ಆಸ್ಟ್ರಿಯಾಗೋ ಹೋಗುವ ಆಸೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಅಪ್ಪನ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಅವರು ಹೇಳಿದ್ದು ತಪ್ಪಲ್ಲ, ಬೇರೆ ಕಾರಿಗೆ ಹೇಳಿದ್ದು. ಅವರ ಕಾಲದ ಅಂಬಾಸಿಡರ್, ಪದ್ಮಿನಿ, ಆಮೇಲೆ ಬಂದ ಓಮ್ನಿ ಎಲ್ಲವೂ ಹಿಂದಿನ ಚಕ್ರದಿಂದ ತಳ್ಳುವ ಗಾಡಿಗಳೇ. ಖಾಲಿ ಓಮ್ನಿಯನ್ನು ಮಳೆಗಾಲದಲ್ಲಿ ಮಲೆನಾಡಿನ ಕೆಸರು ದಿಬ್ಬ ಹತ್ತಿಸಿದವರಿಗೆ ಗೊತ್ತು, ಹಿಂದೆ ಇಬ್ಬರನ್ನು ಕೂರಿಸಿದರೆ ಹತ್ತುತ್ತದೆ, ಇಳಿಸಿದರೆ ಅಲ್ಲೇ ನಿಂತು ಚಕ್ರ ಅರೆಯುತ್ತದೆ. ಎಂಜಿನ್ನು, ಡ್ರೈವರು ಎಲ್ಲ ಮುಂದೆ, ಹಿಂದೆ ಬರೀ ಗಾಳಿ. ನಿಮ್ಮ ಕಾರು ಹಾಗಲ್ಲ. ಆ ಕಂಪನಿಯವರು ಮುಂದೆ ಅರ್ಧ, ಹಿಂದೆ ಅರ್ಧ ತೂಕ ಬರುವ ಹಾಗೆ ಕಾರು ಕಟ್ಟುತ್ತಾರೆ. ಒಂದೂವರೆ ಟನ್ ಕಾರಿಗೆ 50 ಕಿಲೋ ಅಕ್ಕಿ ಹೇರಿದರೆ ಹಿಂದಿನ ಚಕ್ರಗಳ ಪಾಲು ನೂರಕ್ಕೆ 50 ಇದ್ದದ್ದು ಸುಮಾರು 52 ಆಗುತ್ತದೆ. ಅಷ್ಟಕ್ಕೆ ಹೊರಡುವಾಗ ಕೂದಲೆಳೆಯಷ್ಟು ಸಹಾಯ. ಅದೇ ಮೂಟೆ ತಿರುವಿನಲ್ಲಿ ಹಿಂಭಾಗವನ್ನು ಗಡಿಯಾರದ ಲೋಲಕದ ಹಾಗೆ ಎಳೆಯುತ್ತದೆ. ಗುದ್ದಿಕೊಂಡರಂತೂ, ಕಟ್ಟದೇ ಇಟ್ಟ ಮೂಟೆ ಸೀಟಿನ ಬೆನ್ನಿಗೆ ಬಂದು ಬಡಿಯುತ್ತದೆ, ಅಲ್ಲಿ ಕೂತಿರುವುದು ನಿಮ್ಮ ಮಕ್ಕಳು. ಅಕ್ಕಿ ಅಡುಗೆಮನೆಯಲ್ಲೇ ಇರಲಿ.

ಇನ್ನು ನಿಮ್ಮ ಚಿಂತೆ. ನಿಮ್ಮ ಪತ್ರದಲ್ಲಿ ಎಲ್ಲರೂ ಮಾತಾಡಿರುವುದು ಒಂದೇ ವಿಷಯ: ಕಾರು ಹೋಗುತ್ತಾ, ಹೋಗಲ್ವಾ. ಹಿಂದಿನ ಚಕ್ರ ಜಾರುತ್ತಾ, ದಿಬ್ಬ ಹತ್ತುತ್ತಾ. ನಾನು ಹದಿನಾರು ವರ್ಷದಿಂದ ಈ ದೇಶದಲ್ಲಿ ಬ್ರೇಕು ಮತ್ತು ಇಎಸ್‌ಪಿ (ಕಾರು ಜಾರಿದಾಗ ನೆಟ್ಟಗೆ ತರುವ ವ್ಯವಸ್ಥೆ) ಹೊಂದಿಸುವ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಸುಮಾರು ಚಳಿಗಾಲಗಳನ್ನು ಸ್ವೀಡನ್‌ನ ಆರ್ಯೆಪ್ಲೂಗ್ ಎಂಬ ಊರಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಾರು ಓಡಿಸುತ್ತಾ ಕಳೆದಿದ್ದೇನೆ. ಯೂರೋಪಿನ ಬಹಳಷ್ಟು ಕಾರು ಕಂಪನಿಗಳು ಚಳಿಗಾಲದ ಪರೀಕ್ಷೆಗೆ ಹೋಗುವುದು ಆ ಕಡೆಗೇ. ಅಲ್ಲಿ ಕಲಿತದ್ದು ಇಷ್ಟು. ಹೋಗದ ಕಾರಿನಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಮನೆ ಮುಂದೆ ನಿಂತಿರುತ್ತದೆ, ಬೈದುಕೊಂಡು ಟ್ರೈನ್ ಹಿಡಿಯುತ್ತೀರಿ. ಪೆಟ್ಟಾಗುವುದು ನಿಲ್ಲದ ಕಾರಿನಿಂದ, ತಿರುಗದ ಕಾರಿನಿಂದ. ಅವೆರಡೂ ಹೆಚ್ಚಾಗಿ ಮುಂದಿನ ಚಕ್ರಗಳ ಕೆಲಸ.

ಅದಕ್ಕೇ 'ಹಿಂದಿನ ಎರಡು ಸಾಕು' ಅನ್ನುವ ಸಲಹೆ ಈ ನಾಲ್ಕರಲ್ಲಿ ಅತ್ಯಂತ ಕೆಟ್ಟದ್ದು. ನಾನೇ ಅದನ್ನು ನಂಬಿದವನು. ಇಲ್ಲಿಗೆ ಬಂದ ಮೊದಲ ವರ್ಷ, ಕೈಯಲ್ಲಿ ದುಡ್ಡಿಲ್ಲ, ಹಳೇ ರಿಯರ್ ವೀಲ್ ಡ್ರೈವ್ ಸ್ಟೇಷನ್ ವ್ಯಾಗನ್ ಒಂದನ್ನು ಕೊಂಡಿದ್ದೆ. ಮಾರಿದವನೇ ಹಿಂದಕ್ಕೆ ಎರಡು ವಿಂಟರ್ ಟೈರ್ ಹಾಕಿಕೊಟ್ಟು, ತಳ್ಳುವ ಚಕ್ರಕ್ಕೆ ಹಿಡಿತ ಇದ್ದರೆ ಆಯಿತು, ಮುಂದಿನವು ಸುಮ್ನೆ ಉರುಳುತ್ತವೆ ಅಂದ. ಶ್ವೇಬಿಷ್ ಆಲ್ಬ್ ಅಂತ ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ ಗುಡ್ಡದ ಸಾಲಿದೆ. ಹಿಮ ಬಿದ್ದ ಒಂದು ಶನಿವಾರ ಅದನ್ನು ಹತ್ತಿದೆ. ಎಷ್ಟು ಚೆನ್ನಾಗಿ ಹತ್ತಿತು ಅಂದರೆ, ದಾರಿಯಲ್ಲಿ ಸಿಕ್ಕಿಬಿದ್ದಿದ್ದ ಒಂದೆರಡು ಕಾರನ್ನು ದಾಟಿ ಹೋಗುವಾಗ ಸ್ವಲ್ಪ ಹೆಮ್ಮೆಯೂ ಆಯಿತು. ಇಳಿಯುವಾಗ ಮೊದಲ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ. ಸ್ಟೀರಿಂಗ್ ತಿರುಗಿತು, ಚಕ್ರವೂ ತಿರುಗಿತು, ಕಾರು ಮಾತ್ರ ನೆಟ್ಟಗೆ ಹೋಯಿತು. ಬ್ರೇಕ್ ಒತ್ತಿದೆ, ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕಟಕಟ ಅಂತು, ಕಾರು ಇನ್ನೂ ನೆಟ್ಟಗೆ. ಎದುರು ಯಾರೂ ಬರಲಿಲ್ಲ, ರಸ್ತೆ ಪಕ್ಕದಲ್ಲಿ ಹಿಮದ ದಿಣ್ಣೆ ಇತ್ತು, ಬಂಪರ್ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಹತ್ತುವಾಗ ಸಿಕ್ಕ ಹಿಡಿತ ನನಗೆ ರಸ್ತೆಯ ಬಗ್ಗೆ ಸುಳ್ಳು ಹೇಳಿತ್ತು.

ಯಾಕೆ ಹಾಗಾಯಿತು ಅನ್ನುವುದು ಸುಲಭ. ಬ್ರೇಕ್ ಒತ್ತಿದಾಗ ಕಾರಿನ ತೂಕ ಮುಂದಕ್ಕೆ ವಾಲುತ್ತದೆ, ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ. ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದ್ದು. ತಿರುಗಿಸುವುದಂತೂ ಪೂರ್ತಿ ಅವುಗಳದ್ದೇ. ಮುಂದೆ ಗಟ್ಟಿ ರಬ್ಬರಿನ ಬೇಸಿಗೆ ಟೈರ್ ಇದ್ದರೆ ಹಿಂದೆ ಎಂಥಾ ಟೈರ್ ಇದ್ದರೂ ಕಾರು ನಿಮ್ಮ ಮಾತು ಕೇಳುವುದಿಲ್ಲ. ಇದನ್ನೇ ಉಲ್ಟಾ ಮಾಡಿ ಫ್ರಂಟ್ ವೀಲ್ ಡ್ರೈವ್ ಕಾರಿಗೆ ಮುಂದೆ ಎರಡೇ ಹಾಕಿಸಿದರೆ ಇನ್ನೂ ಅಪಾಯ, ಬ್ರೇಕ್ ಒತ್ತಿದ ಕೂಡಲೇ ಹಿಂಭಾಗ ನಿಮ್ಮನ್ನೇ ಓವರ್‌ಟೇಕ್ ಮಾಡಲು ಬರುತ್ತದೆ. ಯಾವ ಕಾರಾದರೂ ನಾಲ್ಕೂ ಒಂದೇ ಥರದ ಟೈರು. ಇದರಲ್ಲಿ ಚೌಕಾಸಿ ಇಲ್ಲ.

ಹಾಗಾದರೆ ಫೋರ್ ವೀಲ್ ಡ್ರೈವ್? ಒಂದು ಒರಟು ಲೆಕ್ಕ ಹಾಕೋಣ. ತುಳಿದು ಗಟ್ಟಿಯಾದ ಹಿಮದ ಮೇಲೆ ಒಳ್ಳೆಯ ವಿಂಟರ್ ಟೈರಿನ ಹಿಡಿತ ಸುಮಾರು 0.3 ಅಂತ ಇಟ್ಟುಕೊಳ್ಳಿ, ಅಂದರೆ ಚಕ್ರದ ಮೇಲಿರುವ ತೂಕದ ನೂರಕ್ಕೆ 30ರಷ್ಟು ಎಳೆಯಬಲ್ಲದು. ಬೇಸಿಗೆ ಟೈರಿಗೆ ಅದರ ಅರ್ಧ, 0.15. ನಿಮ್ಮ ಕಾರಿನ ಅರ್ಧ ತೂಕ ಮಾತ್ರ ತಳ್ಳುವ ಚಕ್ರಗಳ ಮೇಲಿದೆ. ಹಾಗಾಗಿ ವಿಂಟರ್ ಟೈರಿನಲ್ಲಿ ಸುಮಾರು 15 ಪರ್ಸೆಂಟ್ ಏರು ಹತ್ತುತ್ತೀರಿ, ಬೇಸಿಗೆ ಟೈರಿನಲ್ಲಿ ಏಳೂವರೆಗೆ ನಿಂತುಬಿಡುತ್ತೀರಿ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಮುಂದೆ ನೂರಕ್ಕೆ 60ರಷ್ಟು ತೂಕ ಇರುತ್ತದೆ, ಆದರೆ ದಿಬ್ಬ ಹತ್ತುವಾಗ ತೂಕ ಹಿಂದಕ್ಕೆ ಸರಿಯುತ್ತದೆ, ಅವರಿಗೆ ನಷ್ಟ, ನಿಮಗೆ ಲಾಭ. ಕೊನೆಗೆ ಇಬ್ಬರಿಗೂ ಇರುವ ವ್ಯತ್ಯಾಸ ಜನ ಹೇಳುವಷ್ಟು ದೊಡ್ಡದಲ್ಲ. ಟೈರು ಬದಲಿಸಿದರೆ ಎರಡು ಪಟ್ಟು, ಡ್ರೈವ್ ಬದಲಿಸಿದರೆ ಚೂರುಪಾರು. ಫೋರ್ ವೀಲ್ ಡ್ರೈವ್ ಮಾತ್ರ ಪೂರಾ ತೂಕವನ್ನು ಬಳಸುತ್ತದೆ, ಆದ್ದರಿಂದ ಹತ್ತುವುದರಲ್ಲಿ ಅದನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ.

ಆದರೆ ಬ್ರೇಕ್ ಒತ್ತಿದಾಗ? ಎಲ್ಲ ಕಾರಿಗೂ ಬ್ರೇಕ್ ನಾಲ್ಕೇ ಚಕ್ರಕ್ಕೆ. ಅಲ್ಲಿ ಎಂಜಿನ್ ಯಾವ ಚಕ್ರ ತಿರುಗಿಸುತ್ತದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅದೇ 0.3ರ ಲೆಕ್ಕದಲ್ಲಿ 50 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 33 ಮೀಟರ್ ಬೇಕು, 0.15ಕ್ಕೆ 65 ಮೀಟರ್. ವಿಂಟರ್ ಟೈರಿನ ಕಾರು ನಿಂತ ಜಾಗದಲ್ಲಿ ಬೇಸಿಗೆ ಟೈರಿನ ಕಾರು ಇನ್ನೂ 35 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಅದು ಎಷ್ಟು ದುಬಾರಿ ಫೋರ್ ವೀಲ್ ಡ್ರೈವ್ ಆಗಿದ್ದರೂ ಅಷ್ಟೇ.

ಇಲ್ಲಿ ಇನ್ನೊಂದು ಮಾತಿದೆ, ಸಹೋದ್ಯೋಗಿಗಳು ನಗಬಹುದು, ನನಗೆ ಮಾತ್ರ ಖಾತ್ರಿ. ಹಿಂದಿನ ಚಕ್ರದ ಕಾರು ಪ್ರಾಮಾಣಿಕ. ಬೆಳಿಗ್ಗೆ ಪಾರ್ಕಿಂಗ್‌ನಿಂದ ಹೊರಟ ಕೂಡಲೇ ಹಿಂದೆ ಸಣ್ಣಗೆ ಅಲ್ಲಾಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುತ್ತದೆ. ಇವತ್ತು ರಸ್ತೆ ಜಾರುತ್ತಿದೆ ಅಂತ ಹತ್ತು ಕಿ.ಮೀ. ವೇಗದಲ್ಲೇ ಹೇಳಿಬಿಡುತ್ತದೆ. ಫೋರ್ ವೀಲ್ ಡ್ರೈವ್ ಏನೂ ಆಗಿಲ್ಲ ಅನ್ನುವ ಹಾಗೆ ಹೊರಟುಬಿಡುತ್ತದೆ, ಡ್ರೈವರಿಗೆ ಸುದ್ದಿ ಗೊತ್ತಾಗುವುದು 80ರಲ್ಲಿ ಬ್ರೇಕ್ ಒತ್ತಿದಾಗ. ನಿಮ್ಮ ಮನೆ ಬೆಟ್ಟದ ತುದಿಯಲ್ಲಿದ್ದಿದ್ದರೆ ಮಾರಿ ಅನ್ನುತ್ತಿದ್ದೆ. ಆಗ್ಸ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಹೋಗುವ ಎ8 ಹೆದ್ದಾರಿ ಬಹುತೇಕ ಸಪಾಟು, ರಾತ್ರಿಯಿಡೀ ಉಪ್ಪು ಹಾಕಿ ಗುಡಿಸುತ್ತಾರೆ. ಅದಕ್ಕಾಗಿ ಕಾರು ಮಾರುವುದು ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ.

ಈಗ ಟೈರಿನ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ, ಇದು ಗೊತ್ತಾದರೆ ಅಂಗಡಿಯವನು ಏನು ಹೇಳಿದರೂ ತೂಗಿ ನೋಡಬಹುದು. ರಬ್ಬರು ಚಳಿಗೆ ಗಟ್ಟಿಯಾಗುತ್ತದೆ. ಊರಿನ ಹವಾಯಿ ಚಪ್ಪಲಿಯನ್ನು ಇಲ್ಲಿ ಜನವರಿಯಲ್ಲಿ ಬಾಲ್ಕನಿಯಲ್ಲಿ ಬಿಟ್ಟು ಬೆಳಿಗ್ಗೆ ಮಡಚಿ ನೋಡಿ, ಗೊತ್ತಾಗುತ್ತದೆ. ಟೈರ್ ಹಿಡಿಯುವುದು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ರಬ್ಬರು ಒತ್ತಿಕೊಂಡಾಗ. ಗಟ್ಟಿಯಾದರೆ ಮೇಲೆ ತೇಲುತ್ತದೆ. ವಿಂಟರ್ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುವ ಹಾಗೆ ಸಿಲಿಕಾ ಮತ್ತು ನೈಸರ್ಗಿಕ ರಬ್ಬರು ಬೆರೆಸಿ ಮಾಡಿದ್ದು. ನೈಸರ್ಗಿಕ ಅಂದರೆ ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬೆಳಿಗ್ಗೆ ಎದ್ದು ಮರ ಕೆತ್ತಿ ಹಾಲಿಳಿಸುತ್ತಾರಲ್ಲ, ಅದೇ ಜಾತಿಯದ್ದು.

ಎರಡನೆಯದು ಮೈಮೇಲಿನ ಸೀಳುಗಳು. ವಿಂಟರ್ ಟೈರಿನ ಒಂದೊಂದು ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಮೇಲೂ ಬ್ಲೇಡಿನಲ್ಲಿ ಗೀರಿದ ಹಾಗೆ ಅಂಕುಡೊಂಕು ಸೀಳುಗಳಿರುತ್ತವೆ. ಚಕ್ರ ಉರುಳುವಾಗ ಅವು ಬಾಯಿ ತೆರೆದು ಹಿಮವನ್ನು ಕಚ್ಚಿಕೊಳ್ಳುತ್ತವೆ. ಹಿಮಕ್ಕೆ ರಬ್ಬರಿಗಿಂತ ಚೆನ್ನಾಗಿ ಅಂಟುವುದು ಹಿಮವೇ. ಮಕ್ಕಳು ಹಿಮದ ಉಂಡೆ ಉರುಳಿಸಿ ದೊಡ್ಡದು ಮಾಡುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಅದಕ್ಕೇ ಟೈರ್ ಸಂದಿಯಲ್ಲಿ ಹಿಮ ತುಂಬಿಕೊಂಡಿದ್ದರೆ ಕೆರೆದು ತೆಗೆಯಬೇಡಿ. ಅದು ಕೆಲಸ ಮಾಡುತ್ತಿದೆ.

ಇದೆಲ್ಲ ಶುರುವಾದದ್ದು ಫಿನ್ಲೆಂಡಿನಲ್ಲಿ. ಇವತ್ತು ನೋಕಿಯನ್ ಟೈರ್ಸ್ ಅಂತ ಕರೆಯುವ ಕಂಪನಿಯ ಪೂರ್ವಜರು 1934ರಲ್ಲಿ ಲಾರಿಗಳಿಗೆ ಹಿಮದ ಟೈರ್ ಮಾಡಿದರು, 1936ರಲ್ಲಿ ಕಾರುಗಳಿಗೂ ಬಂತು. ಹಿಮ ತೆಗೆಯದ, ಗುಡಿಸದ ರಸ್ತೆಗಳಲ್ಲಿ ಓಡಬೇಕಿತ್ತು ಅವರಿಗೆ. ಆ ಕಾಲದ ಕಾರುಗಳು ಹೆಚ್ಚಿನವು ಹಿಂದಿನ ಚಕ್ರದವೇ, ನೆನಪಿಡಿ. ಫಿನ್ಲೆಂಡ್, ಸ್ವೀಡನ್‌ನ ಮಂದಿ ದಶಕಗಟ್ಟಲೆ ರಿಯರ್ ವೀಲ್ ಡ್ರೈವ್ ವೋಲ್ವೊಗಳಲ್ಲೇ ಚಳಿಗಾಲ ಕಳೆದರು.

ಇಲ್ಲೇ ಒಂದು ಬಲೆ ಇದೆ. ವಿಂಟರ್ ಟೈರಿನಲ್ಲಿ ಎರಡು ಜಾತಿ. ನಾರ್ಡಿಕ್ ಅನ್ನುವುದು ಬಹಳ ಮೆತ್ತಗೆ, ಮಂಜುಗಡ್ಡೆಯ ಮೇಲೆ ಅದ್ಭುತ, ಒದ್ದೆ ಡಾಂಬರಿನ ಮೇಲೆ ಸಪ್ಪೆ. ಇನ್ನೊಂದು ಮಧ್ಯ ಯೂರೋಪಿಗೆಂದು ಮಾಡಿದ್ದು, ಚಳಿ ಮಳೆಯಲ್ಲಿ ನೂರು, ನೂರಿಪ್ಪತ್ತರ ವೇಗಕ್ಕೆ ಹೊಂದಿಸಿದ್ದು. ಸ್ಟಾಕ್‌ಹೋಮ್‌ನಲ್ಲಿರುವ ಗೆಳೆಯ ಹೇಳಿದ ಅಂತ ನೆಟ್‌ನಲ್ಲಿ ನಾರ್ಡಿಕ್ ಟೈರ್ ತರಿಸಿಕೊಳ್ಳುವವರನ್ನು ನೋಡಿದ್ದೇನೆ. ನಿಮ್ಮ ಚಳಿಗಾಲದ ಹೆಚ್ಚು ದಿನ ಹಿಮ ಇರುವುದಿಲ್ಲ, ಮೂರು ಡಿಗ್ರಿ ಚಳಿ, ಜಿಟಿಜಿಟಿ ಮಳೆ, ಲಾರಿಗಳು ಎರಚುವ ಕೊಳೆನೀರು. ಅದರಲ್ಲಿ ನಾರ್ಡಿಕ್ ಹಾಕಿಕೊಂಡು ಹೋಗುವುದು ಬೇಡ. ಟೈರಿನ ಪಕ್ಕದಲ್ಲಿರುವ ವೇಗದ ಅಕ್ಷರ ನೋಡಿ: ನಾರ್ಡಿಕ್‌ಗೆ ಸಾಮಾನ್ಯವಾಗಿ ಕ್ಯೂ, ಆರ್ ಅಥವಾ ಟಿ, ಅಂದರೆ 160, 170, 190 ಕಿ.ಮೀ. ಮಿತಿ. ಇಲ್ಲಿಯವಕ್ಕೆ ಎಚ್ ಅಥವಾ ವಿ, 210 ಮತ್ತು 240. ಮೊಳೆ ಹೊಡೆದ ಟೈರು ಜರ್ಮನಿಯಲ್ಲಿ ನಿಷೇಧ, ಆ ಯೋಚನೆಯೇ ಬೇಡ.

7 ಡಿಗ್ರಿಯ ಕಥೆಯನ್ನೂ ಕೇಳಿರುತ್ತೀರಿ, ಏಳಕ್ಕಿಂತ ಕೆಳಗಿಳಿದರೆ ಬೇಸಿಗೆ ಟೈರ್ ಕಲ್ಲಾಗುತ್ತದೆ ಅಂತ. ಅದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಒಳ್ಳೆಯದು, ಅಷ್ಟೇ. ಆರು ಡಿಗ್ರಿ ಚಳಿಯ ಒಣ ರಸ್ತೆಯಲ್ಲಿ ಒಳ್ಳೆಯ ಬೇಸಿಗೆ ಟೈರು ಇನ್ನೂ ಚೆನ್ನಾಗಿಯೇ ನಿಲ್ಲುತ್ತದೆ. ಅದು ಕೈಕೊಡುವುದು ಹಿಮ ಬಿದ್ದಾಗ, ಅದೂ ಸ್ವಲ್ಪ ಸ್ವಲ್ಪ ಅಲ್ಲ, ಒಮ್ಮೆಗೇ. ಹಿಮ ಯಾವತ್ತು ಬೀಳುತ್ತದೆ ಅಂತ ಗೊತ್ತಿಲ್ಲದ್ದರಿಂದ ಜರ್ಮನ್ನರು ಅಕ್ಟೋಬರಿನಿಂದ ಈಸ್ಟರ್‌ವರೆಗೆ ಅಂತ ಇಟ್ಟುಕೊಂಡಿದ್ದಾರೆ.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯಲ್ಲಿ ತಾರೀಖಿನ ನಿಯಮ ಇಲ್ಲ, ರಸ್ತೆಯಲ್ಲಿ ಹಿಮ, ಕೆಸರುಹಿಮ, ಮಂಜುಗಡ್ಡೆ ಇದ್ದರೆ ವಿಂಟರ್ ಟೈರ್ ಇರಲೇಬೇಕು. 2024ರ ಅಕ್ಟೋಬರ್ 1ರಿಂದ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರುವ ಟೈರ್ ಮಾತ್ರ ಲೆಕ್ಕ, ಬರೀ 'ಎಂ+ಎಸ್' ಅಂತ ಬರೆದಿದ್ದರೆ ಸಾಲದು. ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವವರು ಇದರಲ್ಲೇ ಮೋಸ ಹೋಗುತ್ತಾರೆ. ಸಿಕ್ಕಿಬಿದ್ದರೆ 60 ಯೂರೋ ಮತ್ತು ಫ್ಲೆನ್ಸ್‌ಬರ್ಗ್‌ನಲ್ಲಿ ಡ್ರೈವರುಗಳ ತಪ್ಪು ಬರೆದಿಡುವ ಲೆಕ್ಕಪುಸ್ತಕದಲ್ಲಿ ಒಂದು ಪಾಯಿಂಟು, ರಸ್ತೆಗೆ ಅಡ್ಡಿಯಾದರೆ 80 ಯೂರೋ. ಇಲ್ಲಿ ಬಟನ್ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅನ್ನುತ್ತದೆ ಕಾನೂನು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ರಸ್ತೆಯಿದ್ದರೆ ವಿಂಟರ್ ಟೈರ್ ಬೇಕು, ಅದಕ್ಕೆ 4 ಮಿಲಿಮೀಟರ್ ಆಳ ಇಲ್ಲದಿದ್ದರೆ ಅವರು ಅದನ್ನು ವಿಂಟರ್ ಟೈರ್ ಅಂತಲೇ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಅಳೆಯಲು 2 ಯೂರೋ ನಾಣ್ಯ ಸಾಕು, ಅದರ ಬೆಳ್ಳಿ ಬಣ್ಣದ ಅಂಚು 4 ಮಿ.ಮೀ. ಇದೆ. ಸಂದಿಯಲ್ಲಿ ನಿಲ್ಲಿಸಿ, ಬೆಳ್ಳಿ ಪೂರ್ತಿ ಮುಳುಗದಿದ್ದರೆ ಹೊಸದು ಕೊಳ್ಳುವ ಸಮಯ.

ಆಲ್ ಸೀಸನ್ ಬಗ್ಗೆ ನನಗೆ ದ್ವೇಷ ಇಲ್ಲ. ಬೆಟ್ಟದ ಚಿತ್ರ ಇದ್ದರೆ ಕಾನೂನಿಗೂ ಸರಿ. ಕಲೋನ್‌ನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇದ್ದುಕೊಂಡು, ಸಣ್ಣ ಕಾರಿನಲ್ಲಿ ತರಕಾರಿ ತರಲು ಹೋಗುವವರಿಗೆ ಅದೇ ಸಾಕು ಅಂತ ನಾನೇ ಹೇಳಿದ್ದೇನೆ. ನಿಮಗೆ ಬೇಡ ಅನ್ನಲು ಎರಡು ಕಾರಣ. ನಿಮ್ಮದು ಟಾರ್ಕ್ ಜಾಸ್ತಿ ಇರುವ ಡೀಸೆಲ್, ಆ ಬಲವೆಲ್ಲ ಎರಡೇ ಚಕ್ರದ ಮೂಲಕ ಇಳಿಯುತ್ತದೆ, ಮೆತ್ತಗಿನ ರಬ್ಬರು ಜುಲೈ ಬಿಸಿಯಲ್ಲಿ ಹಿಂದೆ ಬೇಗ ಸವೆಯುತ್ತದೆ. ಎರಡನೇ ಚಳಿಗಾಲಕ್ಕೆ ಹಿಂದಿನದು ಬೋಳು, ಮುಂದಿನದು ಹೊಸದರಂತೆ, ಇದು ರಿಯರ್ ವೀಲ್ ಡ್ರೈವ್ ಕಾರಿಗೆ ಕೆಟ್ಟ ಜೋಡಿ. ಮತ್ತೆ ನೀವು ಆಲ್ಪ್ಸ್‌ಗೆ ಹೋಗುತ್ತೀರಿ, ಮಕ್ಕಳ ಜೊತೆ. ಎರಡು ಸೆಟ್ ಇಟ್ಟುಕೊಂಡರೆ ಎರಡೂ ಅರ್ಧರ್ಧ ವರ್ಷವೇ ಸವೆಯುವುದು, ಹಾಗಾಗಿ ಲೆಕ್ಕ ಹಾಕಿದರೆ ಖರ್ಚು ಅಷ್ಟೇನೂ ಜಾಸ್ತಿ ಆಗುವುದಿಲ್ಲ. ಇಡಲು ಜಾಗ ಇಲ್ಲದಿದ್ದರೆ ಟೈರ್ ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ, ಇಲ್ಲಿ ಅದಕ್ಕೆ 'ಟೈರ್ ಹೋಟೆಲ್' ಅಂತಲೇ ಹೆಸರು.

ಯಾವ ಸೈಜು? ಇದು ನಿಮ್ಮ ಕಾರಿನ ಮಟ್ಟಿಗೆ ನಿಜವಾದ ಪ್ರಶ್ನೆ. ಈಗಿರುವ 18 ಇಂಚಿನ ಸೆಟ್ಟಿನಲ್ಲಿ ಟೈರಿನ ಅಗಲ ಮುಂದೆ 225, ಹಿಂದೆ 255 ಮಿ.ಮೀ. ಇರಬೇಕು. ಅದೇ ಅಳತೆಯಲ್ಲಿ ವಿಂಟರ್ ಟೈರ್ ಸಿಗುತ್ತದೆ, ತಗೋಬೇಡಿ. ಬೆಲೆ ಜಾಸ್ತಿ, ಹಿಂದೆ ಮುಂದೆ ಬದಲಾಯಿಸಲು ಬರುವುದಿಲ್ಲ, ಅಗಲದ ಟೈರು ಕೆಸರುಹಿಮದ ಮೇಲೆ ಚಪ್ಪಟೆ ದೋಣಿಯ ಹಾಗೆ ತೇಲುತ್ತದೆ. ನಾಲ್ಕೂ ಕಡೆ 225/50 ಆರ್17, ಅಂದರೆ 225 ಮಿ.ಮೀ. ಅಗಲದ, 17 ಇಂಚಿನ ರಿಮ್ಮಿನ ಟೈರು ಹಾಕಿಸಿ. ಅದು ಆ ಕಾರಿನ ಸಾಮಾನ್ಯ ಅಳತೆ, ಆದರೂ ಕೊಳ್ಳುವ ಮುಂಚೆ ಕಾರಿನ ಸಿಒಸಿ ಕಾಗದದಲ್ಲಿ (ಕಂಪನಿ ಕೊಡುವ ಅನುಮೋದನೆ ಪತ್ರ) ಒಪ್ಪಿಗೆಯಾದ ಸೈಜುಗಳ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಿ. ಟೈರಿನ ಪಕ್ಕದ ಗೋಡೆ ಎತ್ತರ ಇರುವುದರಿಂದ ಹಿಮದಡಿ ಕಾಣದ ಗುಂಡಿಗಳಿಗೆ ರಿಮ್ ಹೊಡೆಯುವುದೂ ಕಡಿಮೆ. ಸಣ್ಣದಾದಷ್ಟೂ ಒಳ್ಳೆಯದು ಅಂತ ಕೆಲವರು ಅತಿಗೆ ಹೋಗುತ್ತಾರೆ, ಅದೂ ಪೂರ್ತಿ ನಿಜವಲ್ಲ. ಕಿರಿದಾದ ಟೈರಿನ ಲಾಭ ಆಳದ ಹಿಮದಲ್ಲಿ, ಕೆಸರಿನಲ್ಲಿ, ನೀರಿನಲ್ಲಿ. ತುಳಿದ ಹಿಮ, ಮಂಜುಗಡ್ಡೆ ಬಂದರೆ ಅದಕ್ಕೆ ವಿಶೇಷವೇನಿಲ್ಲ.

ರಿಮ್ ಸಮೇತ ಇನ್ನೊಂದು ಸೆಟ್ ತಗೊಳ್ಳಿ. ವರ್ಷಕ್ಕೆರಡು ಸಲ ಟೈರ್ ಬಿಚ್ಚಿ ಹಾಕಿಸುವ ಕೂಲಿಯೇ ಕೆಲವು ವರ್ಷದಲ್ಲಿ ರಿಮ್‌ನ ಬೆಲೆ ಆಗುತ್ತದೆ. ಬಳಸಿದ ಸೆಟ್ ನೋಡುವುದಾದರೆ ಪಕ್ಕದಲ್ಲಿ 'ಡಾಟ್' ಅಂತ ಬರೆದ ಕಡೆ ಕೊನೆಯ ನಾಲ್ಕು ಅಂಕಿ ಓದಿ, 3821 ಅಂದರೆ 2021ರ 38ನೇ ವಾರ. ಆರು ವರ್ಷ ದಾಟಿದ ವಿಂಟರ್ ಟೈರ್ ನಾನು ಮುಟ್ಟುವುದಿಲ್ಲ, ಬಟನ್ ಎಷ್ಟೇ ಇರಲಿ. ರಬ್ಬರು ಒಣಗಿರುತ್ತದೆ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ, ನಿಮ್ಮ ಅಳತೆಗೆ ಹತ್ತಿರದ ಎಡಿಎಸಿ (ಜರ್ಮನಿಯ ದೊಡ್ಡ ವಾಹನ ಕ್ಲಬ್) ಪರೀಕ್ಷೆಯ ಫಲಿತಾಂಶ ತೆಗೆದು, ಒದ್ದೆ ರಸ್ತೆ ಮತ್ತು ಹಿಮ ಎರಡರಲ್ಲೂ ಒಳ್ಳೆಯ ಅಂಕ ಪಡೆದದ್ದನ್ನು ಆರಿಸಿ. ಹಿಮದಲ್ಲಿ ಫಸ್ಟ್ ಬಂದು ಒದ್ದೆಯಲ್ಲಿ ನಪಾಸಾದದ್ದು ನಿಮಗೆ ಬೇಡ. ತೀರಾ ಅಗ್ಗದ, ಹೆಸರೇ ಕೇಳದ ಟೈರುಗಳು ಸೋಲುವುದು ಸಾಮಾನ್ಯವಾಗಿ ಆ ಒದ್ದೆ ಬ್ರೇಕಿನಲ್ಲೇ.

ಹಾಕಿಸಿದ ಮೇಲೆ ಎರಡು ಕೆಲಸ. 50 ಕಿ.ಮೀ. ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಗಾಳಿಯನ್ನು ಟೈರ್ ತಣ್ಣಗಿರುವಾಗ ಪರೀಕ್ಷಿಸಿ, ಹೊರಗಿನ ಉಷ್ಣತೆ ಹತ್ತು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ ತುಂಬಿಸಿದ್ದು ಜನವರಿಗೆ ಸಾಲುವುದಿಲ್ಲ. ಹಿಡಿತ ಬರಲಿ ಅಂತ ಬೇಕೆಂದೇ ಗಾಳಿ ಕಮ್ಮಿ ಮಾಡುವ ಊರಿನ ಕೆಸರಿನ ಉಪಾಯ ಹೆದ್ದಾರಿಯಲ್ಲಿ ಬೇಡ. ಮತ್ತೆ ಪ್ರತಿ ವರ್ಷ ಹಾಕುವಾಗ ಹಿಂದಿನ ಜೋಡಿ ಮುಂದಕ್ಕೆ, ಮುಂದಿನದು ಹಿಂದಕ್ಕೆ. ಹೆಚ್ಚು ಬಟನ್ ಇರುವ ಜೋಡಿ ಯಾವಾಗಲೂ ಹಿಂದೆ ಇರಲಿ.

ಓಡಿಸುವ ವಿಷಯಕ್ಕೆ ಬಂದರೆ, ನಾನು ಹೊಸಬರಿಗೆ ಹೇಳುವುದು ಒಂದೇ: ಬಲಗಾಲನ್ನು ಹಗುರ ಮಾಡಿಕೊಳ್ಳಿ. ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ, ಅಷ್ಟೇ ಇರುವುದು. ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುವಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ತಿರುವಿನ ಮುಂಚೆ, ನೆಟ್ಟಗಿರುವಾಗಲೇ ವೇಗ ಇಳಿಸಿ, ಆಮೇಲೆ ತಿರುಗಿಸಿ, ನೆಟ್ಟಗಾದ ಮೇಲೆ ಎಕ್ಸಲೇಟರ್. ತಿರುವಿನ ಮಧ್ಯೆ ಎಕ್ಸಲೇಟರ್ ಒತ್ತಿದರೆ ಹಿಂಭಾಗ ಹೊರಗೆ ಜಾರುತ್ತದೆ, ಇದು ಎಲ್ಲರಿಗೂ ಗೊತ್ತು. ಅಲ್ಲೇ ಗಾಬರಿಯಾಗಿ ಕಾಲನ್ನು ಫಟ್ಟನೆ ಎತ್ತಿದರೂ ಜಾರಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಕಾರಿನಲ್ಲಿ ಎಂಜಿನ್ ಬ್ರೇಕ್ ಬೀಳುವುದು ಹಿಂದಿನ ಚಕ್ರಗಳಿಗೆ ಮಾತ್ರ. ಘಾಟಿ ಇಳಿಯುವಾಗ ಕೆಳ ಗೇರಿನಲ್ಲಿ ಇಳಿಯಬೇಕು ಅಂತ ನಾವು ಆಗುಂಬೆ, ಚಾರ್ಮಾಡಿಯಲ್ಲಿ ಕಲಿತಿದ್ದೇವೆ, ಅದು ಇಲ್ಲೂ ಸರಿ. ಆದರೆ ಗೇರ್ ಇಳಿಸುವುದನ್ನು ಇಳಿಜಾರು ಶುರುವಾಗುವ ಮೊದಲೇ, ಒಂದೊಂದೇ ಮಾಡಿ. ಜಾರುವ ಜಾಗದಲ್ಲಿ ನಾಲ್ಕರಿಂದ ಎರಡಕ್ಕೆ ತಂದರೆ ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಎಳೆದ ಹಾಗೆ. ಈಗಿನ ರಿಯರ್ ವೀಲ್ ಡ್ರೈವ್ ಎಲೆಕ್ಟ್ರಿಕ್ ಕಾರುಗಳಲ್ಲಿ, ಫೋಕ್ಸ್‌ವ್ಯಾಗನ್ ಐಡಿ.3 ಥರದವು, ಕಾಲೆತ್ತಿದಾಗ ಮೋಟಾರು ಹಿಡಿಯುವುದೂ ಇದೇ ಕಥೆ.

ಹಿಂಭಾಗ ಜಾರಿತು ಅಂತಿಟ್ಟುಕೊಳ್ಳಿ. ನಿಮ್ಮ ಕಾರಿನಲ್ಲಿ ಇಎಸ್‌ಪಿ ಇದೆ, ಅದನ್ನು ಅವರು ಡಿಎಸ್‌ಸಿ ಅನ್ನುತ್ತಾರೆ, ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಕಾರನ್ನು ನೆಟ್ಟಗೆ ತರಲು ನೋಡುತ್ತದೆ. ನೀವು ಮಾಡಬೇಕಾದದ್ದು ಎಕ್ಸಲೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಹೋಗಬೇಕಾದ ಕಡೆ ಕಣ್ಣಿಟ್ಟು ಅತ್ತಲೇ ಸ್ಟೀರಿಂಗ್ ತಿರುಗಿಸುವುದು. ಮರವನ್ನು ನೋಡಿದರೆ ಮರಕ್ಕೇ ಹೋಗುತ್ತೀರಿ. ಕೈಮೀರಿತು ಅನ್ನಿಸಿದರೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ, ಬಿಟ್ಟು ಬಿಟ್ಟು ಒತ್ತುವುದು ಎಬಿಎಸ್ ಇಲ್ಲದ ಕಾಲದ ಪಾಠ. ಈ ಪೆಟ್ಟಿಗೆಗಳನ್ನು ಹೊಂದಿಸುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಹೇಳುವ ಹಕ್ಕಿದೆ: ಇಎಸ್‌ಪಿ ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಇರುವುದನ್ನು ಹಂಚುತ್ತದೆ. ಅದು ಅಡ್ಡ ಬರುವುದು ಒಂದೇ ಕಡೆ, ಹಿಮದಲ್ಲಿ ಹೂತು ನಿಂತಾಗ. ಚಕ್ರ ತಿರುಗಲು ಬಿಡದೆ ಎಂಜಿನ್ನಿನ ಕತ್ತು ಹಿಸುಕುತ್ತದೆ. ಆಗ ಡಿಎಸ್‌ಸಿ ಬಟನ್ ಒಮ್ಮೆ ಚುಟುಕಾಗಿ ಒತ್ತಿ, ಸ್ವಲ್ಪ ತಿರುಗಲು ಬಿಡುತ್ತದೆ. ಹಿಂದೆ ಮುಂದೆ ತೂಗಿ ಹೊರಬಂದ ಕೂಡಲೇ ಮತ್ತೆ ಒತ್ತಿ ಮೊದಲಿನ ಹಾಗೆ ಮಾಡಿ.

ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ. ಎಡಿಎಸಿಯ ಡ್ರೈವಿಂಗ್ ತರಬೇತಿ ಮೈದಾನಗಳಿವೆ, ಒಂದು ದಿನ ದುಡ್ಡು ಕೊಟ್ಟು ನಿಮ್ಮ ಕಾರಿನಲ್ಲೇ ಹೋಗಿ. ನೀರು ಹರಿಸಿದ ಜಾರು ನೆಲದ ಮೇಲೆ ಹಿಂಭಾಗ ಕೀಳುವುದು ಹೇಗಿರುತ್ತದೆ ಅಂತ ಬೆನ್ನಿಗೆ ಒಮ್ಮೆ ಗೊತ್ತಾಗಲಿ.

ಟೈರಿಗೆ ಆಗದ ಒಂದು ಕೆಲಸವನ್ನೂ ಹೇಳಬೇಕು. ಆರ್ಯೆಪ್ಲೂಗ್‌ನಲ್ಲಿ ಮೈನಸ್ 25ರಲ್ಲಿ ಕೆರೆಯ ಮಂಜುಗಡ್ಡೆ, ನೀವು ನಂಬುವುದಿಲ್ಲ, ಸುಮಾರಾಗಿ ಹಿಡಿಯುತ್ತದೆ. ಸೊನ್ನೆಯ ಹತ್ತಿರ ಬಂದಾಗ ಮೇಲೆ ನೀರಿನ ಪದರ ಎದ್ದು ಎಣ್ಣೆ ಸುರಿದ ಹಾಗಾಗುತ್ತದೆ. ಆಗ್ಸ್‌ಬರ್ಗ್‌ನ ಬೆಳಗಿನ ಮಂಜುಗಡ್ಡೆ ಆ ಎರಡನೇ ಜಾತಿಯದು. ಸೇತುವೆಯ ಮೇಲೆ, ಕಾಡಿನ ನೆರಳಿನಲ್ಲಿ, ರಸ್ತೆ ಬರೀ ಒದ್ದೆಯಾದ ಹಾಗೆ ಕಾಣುತ್ತದೆ. ಡ್ಯಾಶ್‌ಬೋರ್ಡ್ 3 ಡಿಗ್ರಿ ತೋರಿಸಿ ಟಿಂಗ್ ಅಂದಾಗ ಅದನ್ನು ಕೇಳಿಸಿಕೊಳ್ಳಿ. ಹೆಪ್ಪುಗಟ್ಟುವ ಮಳೆ ಅಂತ ರೇಡಿಯೋದಲ್ಲಿ ಹೇಳಿದ ದಿನ ನಾನು ಕಾರು ತೆಗೆಯುವುದಿಲ್ಲ.

ಉಳಿದದ್ದು ಗಾರ್ಮಿಶ್ ಮತ್ತು ಆಸ್ಟ್ರಿಯಾ. ಗಾರ್ಮಿಶ್ ಊರಿನವರೆಗೆ ಒಳ್ಳೆಯ ನಾಲ್ಕು ಟೈರಿನಲ್ಲಿ ಆರಾಮಾಗಿ ಹೋಗಿಬರುತ್ತೀರಿ. ಅಲ್ಲಿಂದ ಮುಂದೆ ಆಸ್ಟ್ರಿಯಾದ ಫರ್ನ್‌ಪಾಸ್ ಘಾಟಿ ಸುಮಾರು 1200 ಮೀಟರ್ ಎತ್ತರ, ಇನ್ನೂ ಮೇಲಿನ ಸ್ಕೀ ಹಳ್ಳಿಗಳಿಗೆ ಹೋಗುವ ದಾರಿಗಳಲ್ಲಿ ನೀಲಿ ವೃತ್ತದಲ್ಲಿ ಸರಪಳಿ ಸುತ್ತಿದ ಚಕ್ರದ ಫಲಕ ಇಟ್ಟರೆ ಚೈನ್ ಹಾಕಲೇಬೇಕು. ಒಂದು ಜೋಡಿ ಡಿಕ್ಕಿಯಲ್ಲಿ ಇರಲಿ, ಅಕ್ಕಿ ಮೂಟೆಯ ಜಾಗದಲ್ಲಿ. ಎಲ್ಲ ಸೈಜಿನ ಟೈರಿಗೂ ಚೈನ್ ಹಾಕುವ ಹಾಗಿಲ್ಲ, ಯಾವುದಕ್ಕೆ ಆಗುತ್ತದೆ ಅಂತ ಕಾರಿನ ಪುಸ್ತಕದಲ್ಲಿದೆ, ಟೈರ್ ಕೊಳ್ಳುವ ಮೊದಲೇ ಆ ಪುಟ ನೋಡಿ. ನಿಮ್ಮದಕ್ಕೆ ಹಿಂದಿನ ಚಕ್ರಗಳಿಗೆ ಹಾಕಬೇಕು, ವೇಗ 50 ದಾಟಬಾರದು, ಇಳಿಯುವಾಗ ಇನ್ನೂ ನಿಧಾನ, ಯಾಕೆಂದರೆ ಮುಂದಿನ ಚಕ್ರಕ್ಕೆ ಚೈನ್ ಇಲ್ಲ, ನನ್ನ ಹಿಮದ ದಿಣ್ಣೆಯ ಕಥೆ ನೆನಪಿರಲಿ. ಮಳೆಗಾಲದಲ್ಲಿ ಕೊಡಗಿನ ಎಸ್ಟೇಟ್ ಜೀಪುಗಳಿಗೆ ಸರಪಳಿ ಕಟ್ಟುವುದನ್ನು ನೋಡಿರುತ್ತೀರಿ, ಅವರಿಗೆ ಎರಡು ನಿಮಿಷದ ಕೆಲಸ. ಮೊದಲ ಸಲ ಹಾಕುವವನಿಗೆ, ಕತ್ತಲಲ್ಲಿ, ಮೊಣಕಾಲು ಹಿಮದಲ್ಲಿಟ್ಟುಕೊಂಡು, ಹಿಂದಿನವನು ಹಾರ್ನ್ ಹೊಡೆಯುತ್ತಿರುವಾಗ ಅರ್ಧ ಗಂಟೆ. ಈ ಶನಿವಾರವೇ ಗ್ಯಾರೇಜಿನಲ್ಲಿ ಒಮ್ಮೆ ಹಾಕಿ ಬಿಚ್ಚಿ ನೋಡಿ. ಚೈನಿನ ಜೊತೆಗೆ ರಬ್ಬರ್ ಗ್ಲೌಸ್, ಹಣೆಗೆ ಕಟ್ಟುವ ಟಾರ್ಚು, ಮೊಣಕಾಲಿನಡಿ ಹಾಕಲು ಒಂದು ಹಳೇ ಚಾಪೆ. ಆ ಚಾಪೆಯನ್ನು ಚಕ್ರದಡಿ ತೂರಿಸಲೂ ಬರುತ್ತದೆ.